ಗಾಜಿನ ತೊಟ್ಟಿಯಲ್ಲಿ ಮೀಸೆಯ ಮೀನು

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವು ಪಟ್ಟಣಗಳನ್ನು ದಾಟಿ ನಮ್ಮ ಶೇಡಬಾಳದಂಥ ಊರುಗಳ ಪಡಸಾಲೆಗೂ ಬಂದಿರುವದು. ಮಿರಜಿಗೆ ಹೋದವರು ರೈಲಿನಲ್ಲಿ ಮರಳುವಾಗ ನೀರು ತುಂಬಿದ ಚೀಲದಲ್ಲಿ ನಾಲ್ಕು ಬಣ್ಣದ ಮೀನುಗಳನ್ನು ತರುವರು. ತಳದ ಉಳಿಕೆಯನ್ನು ತಿಂದು ತೊಟ್ಟಿಯನ್ನು ಶುಚಿಯಾಗಿಡುವದೆಂಬ ಮಾತನ್ನು ನಂಬಿ, ಅವುಗಳ ಸಂಗಡ ಮೀಸೆಯ ಮೀನೊಂದನ್ನೂ ಕೊಳ್ಳುವರು. ಕೆಲವು ತಿಂಗಳಾದ ಮೇಲೆ ಚಿಕ್ಕ ಮೀನುಗಳು ಒಂದೊಂದಾಗಿ ಕಾಣದಾಗುವವು. ಮಕ್ಕಳು ಅಳುವರು, ಹಿರಿಯರು ಬೆಕ್ಕಿನ ಮೇಲೆ ಸಂಶಯಪಡುವರು. ಬೆಕ್ಕಿನದೇ ಕೆಲಸವಹುದು, ಆದರೆ ಅದು ನೀರೊಳಗಿನ ಬೆಕ್ಕು. ಇಂಗ್ಲಿಷರು ಈ ಜಾತಿಯನ್ನು 'ಕ್ಯಾಟ್ ಫಿಷ್' ಎಂದು ಕರೆದದ್ದು ಮೀಸೆಗಾಗಿ. ಗುಣಕ್ಕೂ ಆ ಹೆಸರು ಒಪ್ಪುವದು.

ದೊಡ್ಡ ಮೀನು ಚಿಕ್ಕದನ್ನು ನುಂಗುವದಕ್ಕೆ ನಮ್ಮ ಶಾಸ್ತ್ರಕಾರರು ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ದಂಡಧರನಿಲ್ಲದ ರಾಜ್ಯಕ್ಕೆ ಕೌಟಿಲ್ಯನು ಕೊಟ್ಟ ದೃಷ್ಟಾಂತವೂ ಅದೇ. ಹೊಳೆಯಲ್ಲಿ ಚಿಕ್ಕ ಮೀನಿಗೆ ಓಡಲು ಎಡೆಯುಂಟು, ಮೂರಡಿಯ ಗಾಜಿನೊಳಗೆ ಎಲ್ಲಿಯದು? ಅಲ್ಲಿ ನಡೆಯುವ ಕೊಲೆಯ ಹೊಣೆಯು ಮೀನಿನದಲ್ಲ, ಕೂಡಿಹಾಕಿದ ಯಜಮಾನನದು. ಜೀವದಯೆಯನ್ನು ಮನೆಮನೆಯಲ್ಲಿ ಪಾಲಿಸುವ ಬಸದಿಗಳ ಊರಿನವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಕೊಳ್ಳುವಾಗ ಮೀಸೆಯನ್ನಲ್ಲ, ಬಾಯಿಯನ್ನು ನೋಡಬೇಕು. ಇಂದಿನ ಗಾತ್ರವನ್ನಲ್ಲ, ಬೆಳೆದ ಮೇಲಿನ ಗಾತ್ರವನ್ನು ಕೇಳಬೇಕು. ಬಾಳೆ ಮೀನಿನ ಬಾಯಿಯ ಸೀಳು ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿರುವದು. ಅದು ಒಂದು ಮೀಟರಿಗೂ ಮಿಕ್ಕಿ ಬೆಳೆಯುವ ಬೇಟೆಗಾರ. ಅದರ ಮರಿಯನ್ನು ತರುವದೆಂದರೆ ಹುಲಿಯ ಮರಿಯನ್ನು ದನದ ಕೊಟ್ಟಿಗೆಯಲ್ಲಿ ಕಟ್ಟಿದಂತೆ. ಚೇಳು ಮೀನು ಒಂದಡಿಯಷ್ಟಾಗುವದು. ಅದರ ಪಕ್ಕದ ಮುಳ್ಳಿನಲ್ಲಿ ವಿಷವಿರುವದರಿಂದ ಮಕ್ಕಳು ಕೈಯಾಡಿಸುವ ತೊಟ್ಟಿಗೆ ಅದು ಸಲ್ಲದು. ಗಾಜಿಗೆ ಬಾಯಿ ಅಂಟಿಸಿಕೊಂಡಿರುವ ದಕ್ಷಿಣ ಅಮೇರಿಕೆಯ 'ಸಕ್ಕರ್' ಅಂಗಡಿಯಲ್ಲಿ ಎರಡು ಅಂಗುಲವಿದ್ದರೂ, ಬೆಳೆದಾಗ ಅಡಿಗೂ ಮೀರುವದು.

ನಡುವಣ ಗಾತ್ರದ್ದು ಬೇಕೆಂಬವರಿಗೆ ನಮ್ಮ ನಾಡಿನ ಗಿರ್ಲು ಮೀನೇ ಸಾಕು. ಮೈಯುದ್ದಕ್ಕೆ ಪಟ್ಟೆಗಳುಳ್ಳ ಇದರ ಒಂದು ಜಾತಿಯನ್ನು ಜರ್ಮನಿಯ ಬ್ಲಾಖ್ ಎಂಬ ಪಂಡಿತನು ತರಂಗಂಬಾಡಿಯಿಂದ ಬಂದ ಮೀನನ್ನು ನೋಡಿ 1794ರಲ್ಲಿ ಶಾಸ್ತ್ರೋಕ್ತವಾಗಿ ವರ್ಣಿಸಿದನು. ತೊಟ್ಟಿಯಲ್ಲಿ ಇದು ಸಾಮಾನ್ಯವಾಗಿ ಒಂದು ಗೇಣನ್ನು ಮೀರದು. ನಾಲ್ಕು ಜೊತೆ ಮೀಸೆಗಳಿಂದ ತಳವನ್ನು ತಡವರಿಸುತ್ತ ರುಚಿಯನ್ನು ಅರಿಯುವದು, ಏಕೆಂದರೆ ನಾಲಗೆಯ ಕೆಲಸವನ್ನು ಮೀಸೆಯೂ ಮಾಡುವದು. ಒಂಟಿಯಾಗಿಟ್ಟರೆ ಅಂಜಿ ಮೂಲೆ ಹಿಡಿಯುವದು; ನಾಲ್ಕಡಿಯ ತೊಟ್ಟಿಯಲ್ಲಿ ಐದಾರನ್ನು ಕೂಡಿಯೇ ಇಡಬೇಕು.

ಇಷ್ಟು ಸಾಧುವಾದರೂ ಇದು ನಿಶಾಚರ. ಹಗಲಿನಲ್ಲಿ ಮರೆಯಲ್ಲಿ ಮಲಗಿ, ದೀಪವಾರಿದ ಮೇಲೆ ಹೊರಡುವದು. ಆಗ ಗಪ್ಪಿ, ನಿಯಾನ್ ಟೆಟ್ರಾದಂಥ ಕಿರು ಮೀನುಗಳು ನಿದ್ರಿಸುತ್ತಿರುವವು. ಬಾಯಿಗೆ ಸಿಕ್ಕದ್ದು ಹೊಟ್ಟೆಗೆ ಹೋಗುವದು. ಆದಕಾರಣ ಜೊತೆಗಾರರು ಇದರ ಬಾಯಿಗೆ ಹಿಡಿಯದಷ್ಟು ದಪ್ಪವೂ ಚುರುಕೂ ಇರಬೇಕು. ಸಹ್ಯಾದ್ರಿಯ ಹೊಳೆಗಳ ಫಿಲಮೆಂಟ್ ಬಾರ್ಬ್ ಬೆಳೆದದ್ದಾದರೆ ಒಳ್ಳೆಯ ನೆರೆಯವನು. ನಿಧಾನವಾಗಿ ಈಜುವ ಗೋಲ್ಡ್ ಫಿಷ್ ಬೇಡ; ಅದಕ್ಕೆ ತಂಪು ನೀರು ಹಿತ, ಗಿರ್ಲಿಗೆ ಬೆಚ್ಚನೆಯದು.

ತಳಕ್ಕೆ ನುಣುಪಾದ ಮರಳು, ಮರೆಗೆ ಒಡೆದ ಗಡಿಗೆಯ ತುಂಡು ಬೇಕು. ತುಂಡಿನ ಅಂಚನ್ನು ಉಜ್ಜಿರಬೇಕು, ಇಲ್ಲದಿದ್ದರೆ ಶಲ್ಕವಿಲ್ಲದ ಮೈ ಗೀರುವದು. ಅದೇ ಕಾರಣದಿಂದ ಉಪ್ಪು, ಔಷಧಗಳನ್ನು ಹಾಕುವಾಗ ಕೈ ಹಿಡಿತದಲ್ಲಿರಬೇಕು. ಬಲೆಯಿಂದ ಎತ್ತಿದರೆ ಮುಳ್ಳು ಸಿಕ್ಕಿಕೊಳ್ಳುವದು, ತಂಬಿಗೆಯಲ್ಲಿ ನೀರಿನೊಡನೆ ಎತ್ತಬೇಕು. ಹೊಸ ತೊಟ್ಟಿಯಲ್ಲಿ ಮಲವನ್ನು ನಿರ್ವಿಷಗೊಳಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಕೆಲವು ವಾರಗಳೇ ಬೇಕು, ಅಲ್ಲಿಯವರೆಗೆ ಮೀನುಗಳನ್ನೆಲ್ಲ ಒಮ್ಮೆಲೇ ತುಂಬಬಾರದು.

ಉಳಿಕೆಯಿಂದಲೇ ಇದರ ಹೊಟ್ಟೆ ತುಂಬುವದೆಂಬುದು ಸುಳ್ಳು. ಸಂಜೆ ದೀಪ ಆರಿಸುವ ಮುಂಚೆ, ತಳಕ್ಕೆ ಮುಳುಗುವ ಗುಳಿಗೆಗಳನ್ನು ಬೇರೆಯಾಗಿಯೇ ಹಾಕಬೇಕು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿಯೇ 'ಮಾನಸೋಲ್ಲಾಸ'ದ ಮತ್ಸ್ಯವಿನೋದದಲ್ಲಿ ಯಾವ ಮೀನಿಗೆ ಯಾವ ಆಹಾರವೆಂದು ವಿಂಗಡಿಸಿ ಹೇಳಿರುವನು; ಅವನ ಉದ್ದೇಶ ಗಾಳದ ಆಟವೆಂಬುದು ಬೇರೆ ಮಾತು. ಪೇಟೆಯ ಗುಳಿಗೆಗಳಲ್ಲಿ ಬಹುಮಟ್ಟಿಗೆ ಮೀನಿನ ಹಿಟ್ಟೇ ಇರುವದೆಂಬುದನ್ನು ಶಾಕಾಹಾರದ ಮನೆಯವರು ಮೊದಲೇ ತಿಳಿದಿರಬೇಕು. ಗಿರ್ಲು ಹುಳಹುಪ್ಪಡಿ ತಿನ್ನುವ ಪ್ರಾಣಿ. ನಮ್ಮ ವ್ರತವನ್ನು ಅದರ ಮೇಲೆ ಹೊರಿಸಿ ಉಪವಾಸ ಕೆಡವುವದು ದಯೆಯಲ್ಲ. ಮನಸ್ಸೊಪ್ಪದಿದ್ದರೆ ಸಾಕದಿರುವದೇ ಲೇಸೆಂದು ನಮ್ಮ ಅಭಿಪ್ರಾಯ.

ಸಾಕಲಾಗದಷ್ಟು ಬೆಳೆದದ್ದನ್ನು ಕೃಷ್ಣೆಗೆ ಬಿಟ್ಟರೆ ಪುಣ್ಯವೆಂದು ಕೆಲವರು ಎಣಿಸುವರು. ಪರದೇಶದ ಮೀನು ಹೊಳೆಯ ಮೀನುಗಳನ್ನೂ ಅವುಗಳ ಆಹಾರವನ್ನೂ ತಿಂದು ನಿಲ್ಲುವದು. ಆಫ್ರಿಕದ ಮೀಸೆ ಮೀನನ್ನು ಸಾಕುವದನ್ನು ಭಾರತ ಸರಕಾರವು 2000ರಲ್ಲಿ ನಿಷೇಧಿಸಿದ್ದು ಇಂಥ ಹಾನಿಯ ಭಯದಿಂದಲೇ. ನಾಡಿನ ಮೀನಾದರೂ ತೊಟ್ಟಿಯ ರೋಗವನ್ನು ಹೊಳೆಗೆ ಒಯ್ಯಬಲ್ಲದು. ಅಂಥದನ್ನು ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಬೇಕು, ಇಲ್ಲವೆ ಕೊಂಡ ಅಂಗಡಿಗೇ ತಿರುಗಿ ಮುಟ್ಟಿಸಬೇಕು. ತಿರುಗಿ ತೆಗೆದುಕೊಳ್ಳುವರೋ ಇಲ್ಲವೋ ಎಂಬುದನ್ನು ಕೊಳ್ಳುವ ದಿನವೇ ಕೇಳಿಟ್ಟಿರಬೇಕು.