ಮೊದಲ 60ಕ್ಕೆ ಮೂರು ಕುದುರೆ, ಮುಂದಿನ 60ಕ್ಕೆ ಹದಿನೇಳು

ಒಬ್ಬ ಮನುಷ್ಯನನ್ನು ಹೊತ್ತು ಸಪಾಟು ರಸ್ತೆಯ ಮೇಲೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಲು ಮೋಟಾರ್ ಸೈಕಲ್ಲಿಗೆ ಬೇಕಾಗುವ ಶಕ್ತಿ ಸುಮಾರು ಮೂರು ಅಶ್ವಶಕ್ತಿ. ಅದೇ ಗಾಡಿ, ಅದೇ ಮನುಷ್ಯ, ಅದೇ ರಸ್ತೆ. ವೇಗ ಮಾತ್ರ 120 ಆಗಲಿ. ಈಗ ಬೇಕಾಗುವುದು ಆರಲ್ಲ, ಇಪ್ಪತ್ತು. ಮೊದಲ 60 ಕಿಲೋಮೀಟರು ಮೂರು ಕುದುರೆಗೆ ಬಂತು, ಮುಂದಿನ 60ಕ್ಕೆ ಹದಿನೇಳು ಕುದುರೆ ಕಟ್ಟಬೇಕಾಯಿತು. ಇದಕ್ಕೆಲ್ಲ ಕಾರಣ ಗಾಳಿ. ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ: ವೇಗ ಎರಡು ಪಟ್ಟಾದರೆ ಗಾಳಿ ಕೇಳುವುದು ಎಂಟು ಪಟ್ಟು. ದುಬಾರಿ ಬೈಕಿನ ಬೆಲೆಪಟ್ಟಿಯನ್ನು ಓದಲು ಕೂರುವ ಮೊದಲು ಈ ಒಂದು ಲೆಕ್ಕ ತಲೆಯಲ್ಲಿರಬೇಕು ಎಂಬುದು ನನ್ನ ಅಭಿಪ್ರಾಯ.

ಈ ಲೆಕ್ಕ ಶುರುವಾದದ್ದು ಅಕ್ಕನ ಮಗನಿಂದ. ಹುಬ್ಬಳ್ಳಿಯಲ್ಲಿ ನೌಕರಿ, ನವಲಗುಂದ ತಾಲೂಕಿನ ಮೊರಬದಲ್ಲಿ ಮನೆ, ಹೊಲ. "ಮಾಮಾ, ಸ್ಪ್ಲೆಂಡರ್ ಕೊಟ್ಟು ಹಿಮಾಲಯನ್ ತಗೋಬೇಕಂತ ಮಾಡೀನಿ. ಮೂರು ಲಕ್ಷ ಹೆಚ್ಚಿಗಿ ಬೀಳತೈತಿ. ಅಷ್ಟು ಕೊಡೂ ಹಂಗ ಐತೇನು ಅದರಾಗ?" ಅಂದ. ಲಡಾಖಿಗೆ ಹೋಗುವ ಆಸೆ ಅವನದು, ಬಹಳ ದಿನದ್ದು. ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವ ಪ್ರಶ್ನೆ ಅದಾಗಿರಲಿಲ್ಲ.

ಆ ತಾಲೂಕಿನ ಯಾವ ಊರಿನ ಅಗಸಿಯಲ್ಲಿ ನಿಂತರೂ ಮೊದಲು ಕಣ್ಣಿಗೆ ಬೀಳುವುದು ಹೀರೊ ಸ್ಪ್ಲೆಂಡರ್. 97.2 ಸಿಸಿ, 8 ಅಶ್ವಶಕ್ತಿ, 112 ಕೆ.ಜಿ. ದೇಶದಲ್ಲಿ ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಮಾರಾಟವಾಗುತ್ತದೆ. ನೀವು ಈ ಪ್ಯಾರಾ ಓದಿ ಮುಗಿಸುವಷ್ಟರಲ್ಲಿ ಎಲ್ಲೋ ಎರಡೋ ಮೂರೋ ಸ್ಪ್ಲೆಂಡರ್ ಅಂಗಡಿಯಿಂದ ಹೊರಬಿದ್ದಿರುತ್ತವೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಎಂದರೆ 452 ಸಿಸಿ, 40 ಅಶ್ವಶಕ್ತಿ, 196 ಕೆ.ಜಿ. ಅದರ ಮೇಲೆ ಬಿಎಂಡಬ್ಲ್ಯು ಆರ್ 1300 ಜಿಎಸ್: 1300 ಸಿಸಿ, 145 ಅಶ್ವಶಕ್ತಿ, 237 ಕೆ.ಜಿ. ದೂರ ಪ್ರಯಾಣದ ಗಾಡಿಗಳ ತುದಿಯಲ್ಲಿ ಹೋಂಡಾ ಗೋಲ್ಡ್ ವಿಂಗ್ ಇದೆ; ಆರು ಸಿಲಿಂಡರ್, 1833 ಸಿಸಿ, ಹತ್ತಿರಹತ್ತಿರ ನಾಲ್ಕು ಕ್ವಿಂಟಲ್ ತೂಕ. ಹಿಂದಕ್ಕೆ ಸರಿಸಲು ಅದಕ್ಕೆ ರಿವರ್ಸ್ ವ್ಯವಸ್ಥೆಯನ್ನೇ ಇಟ್ಟಿದ್ದಾರೆ.

ಬೆಲೆಯನ್ನು ರೂಪಾಯಿಯಲ್ಲಿ ಹೇಳಿದರೆ ಅದರ ಭಾರ ಗೊತ್ತಾಗುವುದಿಲ್ಲ. ಹೆಸರುಕಾಳಿನಲ್ಲಿ ಅಳೆಯೋಣ. 2025-26ಕ್ಕೆ ಹೆಸರುಕಾಳಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ. ತೆರಿಗೆ, ವಿಮೆ ಎಲ್ಲ ಸೇರಿ ಕೈಗೆ ಬರುವಾಗ ಸ್ಪ್ಲೆಂಡರ್ ಸುಮಾರು 11 ಕ್ವಿಂಟಲ್, ಹಿಮಾಲಯನ್ ಸುಮಾರು 46 ಕ್ವಿಂಟಲ್, ಜಿಎಸ್ ಗಾಡಿ 300 ಕ್ವಿಂಟಲ್ ದಾಟಿ ಹೋಗುತ್ತದೆ. ಅಳಿಯ ಕೇಳಿದ ಮೂರು ಲಕ್ಷ ಎಂದರೆ 34 ಕ್ವಿಂಟಲ್ ಚಿಲ್ಲರೆ. ಎಕರೆಗೆ ಮೂರು ಕ್ವಿಂಟಲ್ ಬಂತು ಎಂದಿಟ್ಟುಕೊಂಡರೂ ಹನ್ನೆರಡು ಎಕರೆ ಎರೆ ಹೊಲದ ಇಡೀ ಪೀಕು. ಅದೂ ಬೀಜ, ಗೊಬ್ಬರ, ಆಳಿನ ಖರ್ಚು ಒಂದು ಪೈಸೆಯೂ ಕಳೆಯದೆ. ಸಾವಿರ ಹೆಸರುಕಾಳು ತೂಗಿದರೆ 35ರಿಂದ 40 ಗ್ರಾಂ. ಆ ಲೆಕ್ಕಕ್ಕೆ ಒಂದು ಬೈಕಿನಿಂದ ಇನ್ನೊಂದು ಬೈಕಿಗೆ ಏರಲು ಒಂಬತ್ತು ಕೋಟಿ ಕಾಳು ಬೇಕು. ಒಂದೊಂದು ಕಾಳೂ ಮಳೆ ನೋಡಿ, ಬಿಸಿಲು ನೋಡಿ ಬೆಳೆದದ್ದು.

ಆ ಹಣದಲ್ಲಿ ಗಾಡಿಗೆ ಹೋಗುವುದೆಷ್ಟು? 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ. 18, ಅದನ್ನು ಮೀರಿದ್ದಕ್ಕೆ ಶೇ. 40. ಇದರ ಮೇಲೆ ಕರ್ನಾಟಕದ ಆಜೀವ ತೆರಿಗೆ: ಐವತ್ತು ಸಾವಿರದಿಂದ ಲಕ್ಷದೊಳಗಿನ ಬೈಕಿಗೆ ಶೇ. 12, ಲಕ್ಷ ದಾಟಿದರೆ ಶೇ. 18. ತೆರಿಗೆಯ ಮೇಲೆ ತೆರಿಗೆ ಕೂತು, ಕಾರ್ಖಾನೆಯಲ್ಲಿ ನೂರು ರೂಪಾಯಿ ಇದ್ದದ್ದು ಸ್ಪ್ಲೆಂಡರ್ ಆದರೆ 132, 349 ಸಿಸಿ ಗಾಡಿ ಆದರೆ 139, ಹಿಮಾಲಯನ್ ಆದರೆ 165 ಆಗುತ್ತದೆ. 350 ಎಂಬ ಗೆರೆ ದಾಟಿದ ಕೂಡಲೇ ಪ್ರತಿ ನೂರಕ್ಕೆ 26 ರೂಪಾಯಿ ಎಗರುತ್ತದೆ. ಮೂರು ಲಕ್ಷದ ಹೆಚ್ಚುವರಿಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ್ದು ತೆರಿಗೆಯೇ. ಐದು ವರ್ಷದ ಥರ್ಡ್ ಪಾರ್ಟಿ ವಿಮೆಯೂ ಹಾಗೇ: ಸ್ಪ್ಲೆಂಡರಿಗೆ 3,851, 350 ಸಿಸಿ ಮೀರಿದರೆ 15,117 ರೂಪಾಯಿ. ಲಕ್ಷ ಕಿಲೋಮೀಟರು ಓಡಿಸಿದರೆ ಪೆಟ್ರೋಲಿನಲ್ಲಿ ಇನ್ನೂ ಎರಡು ಲಕ್ಷದ ವ್ಯತ್ಯಾಸ ಬರುತ್ತದೆ.

ಇಷ್ಟು ಕೊಟ್ಟು ತಂದ ಶಕ್ತಿಯನ್ನು ಎಲ್ಲಿ ಬಳಸುವುದು? ಕೇಂದ್ರ ಸರ್ಕಾರ 2018ರಲ್ಲಿ ಗೊತ್ತುಮಾಡಿದ ಮಿತಿಯಂತೆ ನಡುವೆ ವಿಭಜಕವಿರುವ ನಾಲ್ಕು ಪಥದ ಹೆದ್ದಾರಿಯಲ್ಲೂ ಮೋಟಾರ್ ಸೈಕಲ್ಲಿನ ಗರಿಷ್ಠ ವೇಗ 80. ಉಳಿದ ರಸ್ತೆಗಳಲ್ಲಿ 60. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವೇ ಇಲ್ಲ. 80ರಲ್ಲಿ ಒಬ್ಬನೇ ಹೋಗಲು ಬೇಕಾಗುವುದು ಆರೂವರೆ, ಹೆಚ್ಚೆಂದರೆ ಏಳು ಅಶ್ವಶಕ್ತಿ. ಅಂದರೆ ಕಾಯ್ದೆ ಒಪ್ಪುವ ಅತಿ ಹೆಚ್ಚು ವೇಗಕ್ಕೆ ಬೇಕಾದ ಶಕ್ತಿ ಹೊಲಕ್ಕೆ ಬುತ್ತಿ ಒಯ್ಯುವ ಸ್ಪ್ಲೆಂಡರಿನಲ್ಲೇ ಇದೆ! ಜಿಎಸ್ ಗಾಡಿಯ 145ರಲ್ಲಿ ಸುಮಾರು 138 ಕುದುರೆಗಳಿಗೆ ನಮ್ಮ ರಸ್ತೆಯಲ್ಲಿ ದುಡಿಮೆ ಇಲ್ಲ. ಈ ಅಂಕಿಯನ್ನು ನಾನು ಮತ್ತೆ ಮತ್ತೆ ಕೂಡಿ ಕಳೆದು ನೋಡಿದ್ದೇನೆ. ಪ್ರತಿ ಸಲವೂ ಬೆರಗಾಗಿದ್ದೇನೆ.

ಹಾಗೆಂದು ಯಂತ್ರವನ್ನು ಹಗುರ ಮಾಡಿ ಮಾತಾಡಲು ಬಾಯಿ ಬರುವುದಿಲ್ಲ. ಹಿಮಾಲಯನ್ನಿನ ಪಿಸ್ಟನ್ ಒಂದು ಏಟಿಗೆ ಚಲಿಸುವುದು 81.5 ಮಿಲಿಮೀಟರ್, ಚಹಾ ಲೋಟದ ಎತ್ತರದಷ್ಟು. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಅದು ನಿಮಿಷಕ್ಕೆ ಹತ್ತು ಸಾವಿರ ಸಲ ಪೂರ್ತಿ ನಿಂತು, ಹತ್ತು ಸಾವಿರ ಸಲ ದಿಕ್ಕು ಬದಲಿಸುತ್ತದೆ. ತುದಿಯಲ್ಲಿ ತಿರುಗುವ ಆ ಗಳಿಗೆಯಲ್ಲಿ ಅದರ ಮೇಲೆ ಬೀಳುವ ಸೆಳೆತ ಭೂಮಿಯ ಗುರುತ್ವದ ಸಾವಿರ ಪಟ್ಟಿಗೂ ಹೆಚ್ಚು. ಪಿಸ್ಟನ್ 300 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೂ ಆ ಗಳಿಗೆಗೆ ಅದು ಮೂರು ಕ್ವಿಂಟಲಿಗೂ ಮಿಕ್ಕಿದ ಭಾರ. ಆ ಭಾರ ಸೆಕೆಂಡಿಗೆ ನೂರೈವತ್ತಕ್ಕೂ ಹೆಚ್ಚು ಸಲ ಮೇಲೊಮ್ಮೆ ಕೆಳಗೊಮ್ಮೆ ಜಗ್ಗುತ್ತಿರುವಾಗಲೇ ಸವಾರ ಹ್ಯಾಂಡಲ್ ಹಿಡಿದು ಹಾಡು ಗುನುಗುತ್ತ ಹೋಗುತ್ತಾನೆ. ಎಂಟು ತಾಸಿನ ಸವಾರಿಯಲ್ಲಿ ಕಿಡಿ ಹೊತ್ತುವುದು ಹನ್ನೆರಡು ಲಕ್ಷ ಸಲ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿಯಲು ಯಂತ್ರ ಒಂಬತ್ತು ಸಾವಿರ ಲೀಟರ್ ಗಾಳಿ ಕುಡಿಯಬೇಕು.

ಗಾಳಿಯ ಈ ಹಸಿವೇ ಲಡಾಖಿನಲ್ಲಿ ಲೆಕ್ಕವನ್ನು ತಿರುವಿಹಾಕುತ್ತದೆ. ಖಾರ್ದುಂಗ್ ಲಾ ಕಣಿವೆದಾರಿಯ ಎತ್ತರ 5,359 ಮೀಟರ್. ಅಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದಲ್ಲಿರುವುದರ ಶೇ. 58ರಷ್ಟು. ಗಾಳಿ ತೆಳುವಾದರೆ ಎಂಜಿನ್ ಎಷ್ಟೇ ಎಳೆದುಕೊಂಡರೂ ಹೊಟ್ಟೆ ತುಂಬುವುದಿಲ್ಲ. ಎಂಟು ಕುದುರೆಯ ಗಾಡಿ ನಾಲ್ಕೂವರೆಗೆ ಇಳಿಯುತ್ತದೆ, ನಲವತ್ತರದ್ದು ಇಪ್ಪತ್ಮೂರರ ಆಸುಪಾಸಿಗೆ. ನೂರು ಮೀಟರಿಗೆ ಎಂಟು ಮೀಟರ್ ಏರುವ ದಾರಿಯಲ್ಲಿ 40ರ ವೇಗದಲ್ಲಿ ಸಾಗಲು ಸ್ಪ್ಲೆಂಡರಿಗೆ, ಒಬ್ಬನೇ ಸವಾರ ಮತ್ತು 30 ಕೆ.ಜಿ. ಸಾಮಾನು ಇದ್ದರೆ, ನಾಲ್ಕರ ಹತ್ತಿರ ಅಶ್ವಶಕ್ತಿ ಬೇಕು. ಅಲ್ಲಿಗೆ ಇದ್ದದ್ದೆಲ್ಲ ಖರ್ಚು. ಹಿಂದೆ ಹೆಂಡತಿ ಕೂತರೆ ಐದು ಬೇಕು, ಇರುವುದು ನಾಲ್ಕೂವರೆ. ಗಾಡಿ ನಿಲ್ಲುವುದಿಲ್ಲ, ಮೊದಲ ಗೇರಿನಲ್ಲಿ ನಡೆದಂತೆ ಹತ್ತುತ್ತದೆ. ಆದರೆ ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿರುವಾಗ, ಪಕ್ಕದಲ್ಲಿ ಪ್ರಪಾತ ಇರುವಾಗ, ಕೈಯಲ್ಲಿ ಉಳಿದ ಶಕ್ತಿ ಸೊನ್ನೆ ಎಂದಾದರೆ ಆ ಪ್ರಯಾಣಕ್ಕೆ ನೆಮ್ಮದಿ ಇರುವುದಿಲ್ಲ. ಬಯಲುಸೀಮೆಯಲ್ಲಿ ದುಡಿಮೆಯಿಲ್ಲದೆ ನಿಂತಿದ್ದ ಕುದುರೆಗಳು ಇಲ್ಲಿ ದುಡಿಯುತ್ತವೆ.

ಇಲ್ಲಿಯೂ ಎಷ್ಟು ಸಾಕು ಎಂಬ ಮಾತಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೂ ಮಾಡಿದ ಜಾವಾ, ಯೆಜ್ಡಿಗಳ ಮೇಲೆ ಜನ ಹಿಮಾಲಯ ನೋಡಿ ಬಂದಿದ್ದಾರೆ; ಅವುಗಳಲ್ಲಿ ಬಲಶಾಲಿ ಎನಿಸಿಕೊಂಡಿದ್ದ ರೋಡ್‌ಕಿಂಗ್‌ನ ಶಕ್ತಿ 16 ಕುದುರೆ. ಇವತ್ತಿನ ಎನ್‌ಫೀಲ್ಡ್ ಕ್ಲಾಸಿಕ್ 350ಕ್ಕೆ 349 ಸಿಸಿ, 20 ಅಶ್ವಶಕ್ತಿ. ಖಾರ್ದುಂಗ್ ಲಾ ಮೇಲೆ ಅದರಲ್ಲಿ ಹನ್ನೊಂದು, ಹನ್ನೆರಡು ಉಳಿಯುತ್ತದೆ. ಗಾಡಿಯೇ ಭಾರವಾದ್ದರಿಂದ ಇಬ್ಬರಿಗೂ ಸಾಮಾನಿಗೂ ಸೇರಿ ಆರು ಬೇಕಾದರೂ ಇನ್ನೂ ಅಷ್ಟೇ ಕೈಯಲ್ಲಿರುತ್ತದೆ. ಬೆಲೆ ಹಿಮಾಲಯನ್‌ಗಿಂತ ಲಕ್ಷಕ್ಕೂ ಮೇಲೆ ಕಡಿಮೆ, ತೆರಿಗೆಯ ಗೆರೆಯ ಈಚೆಗೇ ನಿಲ್ಲುತ್ತದೆ. ಕುದುರೆ ಎಣಿಸಿ ಕೊಳ್ಳುವವನಾದರೆ ಇದೇ ಸಾಕು ಎಂದು ಅಳಿಯನಿಗೆ ಹೇಳಿದೆ.

ಕುದುರೆ ಬಿಟ್ಟು ಬೇರೆಯದಕ್ಕೆ ಹಣ ಕೊಡುವುದಾದರೆ ಅದರ ಲೆಕ್ಕ ಬೇರೆ, ಅದು ಇನ್ನೂ ಗಂಭೀರವಾದದ್ದು. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ದೇಹದಲ್ಲಿ 25 ಮೀಟರ್ ಎತ್ತರದಿಂದ ಬಿದ್ದಷ್ಟು ಏಟು ಅಡಗಿರುತ್ತದೆ. 114ರಲ್ಲಿ ಹೋದರೆ 51 ಮೀಟರ್, ವಿಜಯಪುರದ ಗೋಳಗುಮ್ಮಟದ ನೆತ್ತಿಯಿಂದ ನೆಲಕ್ಕೆ. ಈ ಎತ್ತರದಿಂದ ಸವಾರನನ್ನು ಮೆಲ್ಲಗೆ ಇಳಿಸುವ ಹೊಣೆ ಎರಡು ಟಯರುಗಳದು. ಒಟ್ಟು 220 ಕೆ.ಜಿ. ಭಾರವನ್ನು ಚದರ ಸೆಂಟಿಮೀಟರಿಗೆ 2.2 ಕೆ.ಜಿ. ಗಾಳಿಯ ಒತ್ತಡ ಹೊರಬೇಕಾದರೆ ನೆಲಕ್ಕೆ ತಾಗುವ ರಬ್ಬರು ಬರೀ ನೂರು ಚದರ ಸೆಂಟಿಮೀಟರ್. ಎರಡೂ ಗಾಲಿಯದು ಕೂಡಿದರೂ ಒಂದು ಅಂಗೈ! ಬ್ರೇಕು, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಸಸ್ಪೆನ್ಷನ್ ಎಲ್ಲ ಇರುವುದು ಆ ಅಂಗೈಯಗಲ ರಬ್ಬರು ನೆಲ ಬಿಡದ ಹಾಗೆ ನೋಡಿಕೊಳ್ಳಲು. ಚಕ್ರ ಲಾಕ್ ಆದೀತು ಎಂದು ಹೆದರಿ ಅರ್ಧ ಬ್ರೇಕು ಹಿಡಿಯುವವನು 80ರಿಂದ ನಿಲ್ಲಲು 50 ಮೀಟರ್ ತೆಗೆದುಕೊಂಡರೆ, ಎಬಿಎಸ್ ನಂಬಿ ಪೂರ್ತಿ ಹಿಡಿದವನು ಒಣ ರಸ್ತೆಯಲ್ಲಿ 32ರ ಹತ್ತಿರ ನಿಲ್ಲುತ್ತಾನೆ. ನಡುವಿನ 18 ಮೀಟರಿನಲ್ಲಿ ಒಂದು ಎತ್ತಿನ ಬಂಡಿ ಇರಬಹುದು, ಒಂದು ಮಗು ಇರಬಹುದು. 125 ಸಿಸಿ ದಾಟಿದ ಗಾಡಿಗಳಿಗೆ 2019ರಿಂದಲೇ ಎಬಿಎಸ್ ಕಡ್ಡಾಯ. ಅದಕ್ಕೆ ನಾಲ್ಕು ಲಕ್ಷದ ಗಾಡಿಯೇ ಆಗಬೇಕೆಂದಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ ದ್ವಿಚಕ್ರ ಸವಾರರು 74,897, ಏಳು ನಿಮಿಷಕ್ಕೊಬ್ಬರು. ಹೆಲ್ಮೆಟ್ ಇಲ್ಲದೆ ಹೋದವರು 50,029. ಮೊರಬದಂಥ ಊರುಗಳು ಎಷ್ಟು ಸೇರಿದರೆ ಈ ಸಂಖ್ಯೆ ಆಗುತ್ತದೆ ಎಂದು ಎಣಿಸಲು ಮನಸ್ಸು ಬರಲಿಲ್ಲ.

ಹಿಮಾಲಯನ್ನಿನಲ್ಲಿ ನನಗೆ ನಿಜಕ್ಕೂ ಬೆಲೆಯುಳ್ಳದ್ದು ಅನಿಸಿದ್ದು 200 ಮಿಲಿಮೀಟರ್ ಎಂಬ ಅಂಕಿ. ಹಿಂದೆ ಮುಂದೆ ಎರಡೂ ಗಾಲಿ ಅಷ್ಟು ಏರಿ ಇಳಿಯಬಲ್ಲವು. ಕ್ಲಾಸಿಕ್‌ನ ಮುಂದಿನ ಗಾಲಿಗೆ ಸಿಗುವುದು 130. ರಸ್ತೆಯೇ ಇಲ್ಲದ ಕಡೆ ಇಡೀ ದಿನ ಕೂತು ಹೋಗುವವನ ಬೆನ್ನಿಗೆ ಈ 70 ಮಿಲಿಮೀಟರಿನ ಬೆಲೆ ಗೊತ್ತು. ಆದರೆ ಅದೇ ಗಾಡಿ ನಮ್ಮ ಎರೆ ದಾರಿಯಲ್ಲಿ? ಮುಂಗಾರಿನ ಮೊದಲ ಮಳೆ ಆದ ಮರುದಿನ ಹೊಲದ ದಾರಿಗೆ ಇಳಿದವರಿಗೆ ಗೊತ್ತು: ಕರಿಮಣ್ಣು ಟಯರಿಗೆ ಸುತ್ತಿ ಸುತ್ತಿ ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗುವುದೇ ನಿಂತುಬಿಡುತ್ತದೆ. ಜಾಲಿ ಕಡ್ಡಿ ಮುರಿದು ಸಂದಿಯೊಳಗೆ ಹಾಕಿ ಮಣ್ಣು ಕೆದರಬೇಕು, ಹತ್ತು ಹೆಜ್ಜೆ ದಬ್ಬಬೇಕು, ಮತ್ತೆ ಕೆದರಬೇಕು. ಸ್ಪ್ಲೆಂಡರ್ ಆದರೆ ಇಬ್ಬರು ಎತ್ತಿ ಬದುವಿನ ಮೇಲಿಟ್ಟುಬಿಡುತ್ತಾರೆ. 196 ಕೆ.ಜಿ. ಅಂದರೆ ನಾಲ್ಕು ಯೂರಿಯಾ ಚೀಲಕ್ಕಿಂತ ಹೆಚ್ಚು. ಆ ಕೆಸರಿನಲ್ಲಿ ಅದು ಅಡ್ಡ ಬಿದ್ದರೆ ಎತ್ತಲು ಪಕ್ಕದ ಹೊಲದವರನ್ನು ಕೂಗಬೇಕು. ಸ್ಪ್ಲೆಂಡರ್ ಮಾರುವ ಮಾತು ಬೇಡ ಎಂದು ಅಳಿಯನಿಗೆ ಹೇಳಿದ್ದು ಇದಕ್ಕೇ.

ಕೊನೆಗೆ ಬಾಡಿಗೆಯ ಲೆಕ್ಕ ಮಾಡಿದೆವು. ಲೇಹ್‌ನಲ್ಲಿ ಇಂಥ ಗಾಡಿಗಳು ಬಾಡಿಗೆಗೆ ಸಿಗುತ್ತವೆ. ದಿನಕ್ಕೆ 2,000 ರೂಪಾಯಿ ಎಂದು ಹಿಡಿದರೆ ಮೂರು ಲಕ್ಷಕ್ಕೆ 150 ದಿನ ಬರುತ್ತದೆ. ವರ್ಷಕ್ಕೆ ಹದಿನೈದು ದಿನ ಬೆಟ್ಟಕ್ಕೆ ಹೋದರೂ ಹತ್ತು ವರ್ಷ. ಅಳಿಯ ತಲೆ ತುರಿಸಿಕೊಂಡ. "ಆದರ ಮಾಮಾ, ಮನಿ ಬಾಗಲದಿಂದ ಲಡಾಖ್ ತನಾ ನನ್ನ ಗಾಡಿ ಮ್ಯಾಲೇ ಹೋಗೂದು ಬ್ಯಾರೇ ಅಲ್ಲೇನು?" ಬೇರೆಯೇ, ಒಪ್ಪಿದೆ. ಇಲ್ಲಿಂದ ಲೇಹ್‌ಗೆ ಸುಮಾರು ಮೂರು ಸಾವಿರ ಕಿಲೋಮೀಟರ್, ಗಾಲಿ ಹದಿನೈದು ಲಕ್ಷ ಸುತ್ತು ಉರುಳಬೇಕು. ಆ ಸುತ್ತುಗಳೇ ಬೇಕು ಎನ್ನುವವನಿಗೆ ಬಾಡಿಗೆ ಗಾಡಿಯಿಂದ ತೃಪ್ತಿ ಆಗುವುದಿಲ್ಲ. ಹಾಗಿದ್ದರೆ ಗೆರೆಯೊಳಗಿನ 350 ಸಿಸಿ ಗಾಡಿ ತಗೋ, ಉಳಿಯುವ ಲಕ್ಷದಲ್ಲಿ ಇಬ್ಬರಿಗೂ ಒಳ್ಳೆಯ ಹೆಲ್ಮೆಟ್, ಜಾಕೆಟ್, ಟಯರು, ಮತ್ತು ಹೋಗಿ ಬರುವ ಖರ್ಚು ಆಗುತ್ತದೆ ಎಂಬುದು ನನ್ನ ಸಲಹೆ. ಅವನ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು, "ಹಿಂದ ಕುಂಡ್ರಾಕಿ ನಾನು. ಸೀಟಿನ ಲೆಕ್ಕಾ ಯಾರೂ ಮಾಡಲಿಲ್ಲಲ್ಲ?" ಬರುವ ರವಿವಾರ ಇಬ್ಬರೂ ಹುಬ್ಬಳ್ಳಿಗೆ ಹೋಗಿ, ಆಕೆಯನ್ನು ಹಿಂದೆ ಕೂರಿಸಿಕೊಂಡೇ ಎರಡೂ ಗಾಡಿ ಓಡಿಸಿ ನೋಡಿ ಬರುತ್ತಾರೆ.