ಮಾತು, ಅರ್ಥ ಮತ್ತು ಆವರಣದ ಭದ್ರತೆ: ಮೈಸೂರಿನ ಎರಡು ಪ್ರಸಂಗಗಳು

ವಿಶ್ವವಿದ್ಯಾನಿಲಯದ ಆವರಣವನ್ನು ಕುರಿತ ಚರ್ಚೆಗಳಲ್ಲಿ ‘ಭದ್ರತೆ’ ಹಾಗೂ ‘ಅಭಿವ್ಯಕ್ತಿ ಸ್ವಾತಂತ್ರ್ಯ’ಗಳನ್ನು ಪರಸ್ಪರ ವಿರುದ್ಧವಾದ ಪರಿಕಲ್ಪನೆಗಳೆಂದೇ ಭಾವಿಸಲಾಗುತ್ತದೆ. ಒಂದು ಹೆಚ್ಚಿದರೆ ಮತ್ತೊಂದು ಕುಗ್ಗುತ್ತದೆ ಎಂಬುದು ಈ ಗ್ರಹಿಕೆಯ ತಿರುಳು. ಮೈಸೂರಿನ ಎರಡು ಪ್ರಸಂಗಗಳ ಹಿನ್ನೆಲೆಯಲ್ಲಿ ಇದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು ಬೂಸಾ ಪ್ರಕರಣ. 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತನಾಡಿದರು. ಅದೊಂದು ಸಾಹಿತ್ಯಕ ಮೌಲ್ಯನಿರ್ಣಯ, ಒಪ್ಪಬಹುದು, ನಿರಾಕರಿಸಬಹುದು. ಆದರೆ ಪ್ರತಿಕ್ರಿಯೆ ವಿಮರ್ಶೆಯ ರೂಪದಲ್ಲಷ್ಟೇ ಬರಲಿಲ್ಲ. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳು ನಡೆದವು. ಬಸವಲಿಂಗಪ್ಪನವರು ಸಚಿವ ಸ್ಥಾನವನ್ನು ತೊರೆಯಬೇಕಾಯಿತು. ಆಗ ರಕ್ಷಣೆ ಬೇಕಾಗಿದ್ದುದು ಮಾತಿನಿಂದಲ್ಲ, ಮಾತಿನ ನೆಪದಲ್ಲಿ ನಡೆದ ಹಿಂಸೆಯಿಂದ.

ಎರಡನೆಯದು 2020ರ ಜನವರಿ 8ರಂದು ಮಾನಸಗಂಗೋತ್ರಿಯಲ್ಲಿ ನಡೆದ ಪ್ರತಿಭಟನೆ. ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ನಡೆದ ಹಲ್ಲೆಯನ್ನು ಖಂಡಿಸಲು ಸೇರಿದ್ದ ಸಭೆಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬರು ‘ಫ್ರೀ ಕಾಶ್ಮೀರ್’ ಎಂಬ ಫಲಕವನ್ನು ಹಿಡಿದಿದ್ದರು. ದೇಶದ್ರೋಹದ ಆರೋಪದಡಿ ಪ್ರಕರಣ ದಾಖಲಾಯಿತು. ಕಾಶ್ಮೀರದಲ್ಲಿ ವಿಧಿಸಿದ್ದ ಅಂತರ್ಜಾಲ ನಿರ್ಬಂಧ ತೆರವಾಗಲೆಂಬುದೇ ತಮ್ಮ ಇಂಗಿತವೆಂದು ಅವರು ವಿವರಿಸಿದರು. ಮೈಸೂರು ವಕೀಲರ ಸಂಘ ಅವರ ಪರ ವಕಾಲತ್ತು ವಹಿಸಬಾರದೆಂದು ನಿರ್ಣಯಿಸಿತು. ಇಂತಹ ನಿರ್ಣಯಗಳು ಅಸಿಂಧುವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿಯೇ ಹೇಳಿತ್ತು. ಬೇರೆ ಊರುಗಳ ನೂರಕ್ಕೂ ಹೆಚ್ಚು ವಕೀಲರು ಅವರ ಬೆಂಬಲಕ್ಕೆ ನಿಂತರು. ಅದೇ ತಿಂಗಳು ನಿರೀಕ್ಷಣಾ ಜಾಮೀನು ದೊರೆಯಿತು.

ಸಂವಿಧಾನದ 19(1)(ಎ) ವಿಧಿ ವಾಕ್ ಸ್ವಾತಂತ್ರ್ಯವನ್ನು ನೀಡಿದರೆ, 19(2) ವಿಧಿ ಯುಕ್ತ ನಿರ್ಬಂಧಗಳಿಗೆ ಅವಕಾಶ ಕಲ್ಪಿಸುತ್ತದೆ. ಹಿಂಸೆಗೆ ಅಥವಾ ಸಾರ್ವಜನಿಕ ಅವ್ಯವಸ್ಥೆಗೆ ಪ್ರಚೋದಿಸುವ ಮಾತು ಮಾತ್ರ ದೇಶದ್ರೋಹವಾಗುತ್ತದೆಂದು ಕೇದಾರನಾಥ ಸಿಂಗ್ ಪ್ರಕರಣದ ತೀರ್ಪು (1962) ಮಿತಿಗೊಳಿಸಿತು. ಚರ್ಚೆ ಮತ್ತು ಪ್ರತಿಪಾದನೆಗಳು ಬೇರೆ, ಪ್ರಚೋದನೆ ಬೇರೆ ಎಂದು ಶ್ರೇಯಾ ಸಿಂಘಾಲ್ ತೀರ್ಪು (2015) ಸ್ಪಷ್ಟಪಡಿಸಿತು. 124-ಎ ಕಲಮನ್ನು ಸರ್ವೋಚ್ಚ ನ್ಯಾಯಾಲಯ 2022ರ ಮೇ ತಿಂಗಳಲ್ಲಿ ತಡೆಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ‘ರಾಜದ್ರೋಹ’ವೆಂಬ ಪದವಿಲ್ಲ. ಆದರೆ ಅದರ 152ನೆಯ ಕಲಮು ಆಡಿದ ಅಥವಾ ಬರೆದ ಮಾತು, ಸಂಜ್ಞೆ, ದೃಶ್ಯರೂಪಗಳನ್ನು ಈಗಲೂ ತನ್ನ ವ್ಯಾಪ್ತಿಗೆ ಒಳಪಡಿಸಿಕೊಂಡಿದೆ.

ಹೀಗಾಗಿ ಪ್ರಶ್ನೆ ಕೇವಲ ಕಾನೂನಿನದಲ್ಲ, ಅರ್ಥನಿರ್ಣಯದ್ದೂ ಹೌದು. ಒಂದು ಪದ ಅಥವಾ ಫಲಕದ ಅರ್ಥ ಸಂದರ್ಭ, ವಕ್ತೃ, ಶ್ರೋತೃಗಳಿಂದ ನಿರ್ಧಾರವಾಗುತ್ತದೆಂಬುದು ನಮ್ಮ ಕಾವ್ಯಮೀಮಾಂಸೆಯ ಪ್ರಾಥಮಿಕ ಪಾಠ. ವಾಚ್ಯಾರ್ಥವೊಂದನ್ನೇ ಹಿಡಿದು ಅಪರಾಧವನ್ನು ಊಹಿಸುವುದು ಓದಿನ ದೋಷವೂ ಆಗುತ್ತದೆ. ಆವರಣದ ಭದ್ರತೆಗೆ ಒರೆಗಲ್ಲು ಕೃತ್ಯವಾಗಬೇಕೇ ಹೊರತು ಅಪ್ರಿಯವಾದ ಅರ್ಥವಲ್ಲ. ಮಾತಾಡಿದವರನ್ನು ಹಲ್ಲೆಯಿಂದ ಕಾಪಾಡುವ ಹೊಣೆಯೂ ಭದ್ರತೆಯೆಂಬ ಮಾತಿನಲ್ಲಿಯೇ ಅಡಕವಾಗಿದೆ. ಈ ದೃಷ್ಟಿಯಿಂದ ನೋಡಿದಾಗ ಭದ್ರತೆಯು ಅಭಿವ್ಯಕ್ತಿ ಸ್ವಾತಂತ್ರ್ಯದ ಎದುರಾಳಿಯಾಗದೆ ಅದರ ಆಧಾರವಾಗುತ್ತದೆ.