ಕೈ ಬದಲಾದ ಪಂಜರದ ಹಕ್ಕಿ

ಮೇ ತಿಂಗಳು ಬಂತೆಂದರೆ ನಮ್ಮವರು ಊರಿಗೆ ಹೊರಡುತ್ತಾರೆ. ಕೆಲವರು ಕೆಲಸದಿಂದ ನಿವೃತ್ತರಾಗಿ ಖೋಲಿಯನ್ನೇ ಬಿಟ್ಟು ಹೊರಡುತ್ತಾರೆ. ಪಾತ್ರೆ ಹಾಸಿಗೆಗಳನ್ನು ಕಟ್ಟಿ ಒಯ್ಯಬಹುದು. ಕಿಟಕಿಗೆ ತೂಗುಹಾಕಿದ ಪಂಜರವನ್ನು ಏನು ಮಾಡುವುದು? ಅದು ನೆರೆಮನೆಗೆ ಹೋಗುತ್ತದೆ, ಅಲ್ಲಿಂದ ಮತ್ತೊಬ್ಬರ ಮನೆಗೆ. ಹೀಗೆ ಕೈ ಬದಲಾದ ಹಕ್ಕಿ ಎಷ್ಟೋ ವೇಳೆ ಬರಿಯ ಕಾಳು ತಿಂದು ಸೊರಗಿರುತ್ತದೆ, ಇಲ್ಲವೆ ರೋಗ ಹಿಡಿದಿರುತ್ತದೆ. ಅದನ್ನು ಕನಿಕರದಿಂದ ಮನೆಗೆ ತಂದವರು ಮೊದಲ ತಿಂಗಳಲ್ಲಿ ಮಾಡಬೇಕಾದುದನ್ನೂ ಮಾಡಬಾರದುದನ್ನೂ ತಿಳಿದಿರಬೇಕು. ಕನಿಕರವೊಂದರಿಂದಲೇ ಹಕ್ಕಿ ಬದುಕುವುದಿಲ್ಲ.

ಬಂದದ್ದು ಯಾವ ಹಕ್ಕಿ ಎಂಬುದನ್ನು ಮೊದಲು ನೋಡಬೇಕು. ಹಸಿರು ಮೈ, ಕೆಂಪು ಕೊಕ್ಕು, ಗಂಡಾದರೆ ಕೊರಳಿಗೆ ಉಂಗುರ ಇರುವ ನಮ್ಮ ನಾಡಿನ ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಗಿಣಿಶಾಸ್ತ್ರದವನ ಪೆಟ್ಟಿಗೆಯಲ್ಲಿರುವುದೂ ಇದೇ ಹಕ್ಕಿ. ಮುನಿಯ, ಬೆಟ್ಟದ ಮೈನಾಗಳಿಗೂ ಇದೇ ಮಾತು ಸಲ್ಲುತ್ತದೆ. ಅಂಥದು ಕೈಗೆ ಬಂದರೆ ಇಟ್ಟುಕೊಳ್ಳದೆ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಎಂಬ ಸಂಖ್ಯೆಗೆ ಫೋನು ಮಾಡಿ ಒಪ್ಪಿಸಬೇಕು. ಮುಂಬಯಿಯ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಪುಟ್ಟ ಹಕ್ಕಿಯ ನಿಜವಾದ ಹೆಸರು ಬಜೆರಿಗಾರ್. ಅದು ಆಸ್ಟ್ರೇಲಿಯದ ಹುಲ್ಲುಗಾವಲಿನದು. ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ 1840ರಲ್ಲಿ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ. ಜುಟ್ಟಿನ ಕಾಕಟೀಲ್ ಕೂಡ ಆಸ್ಟ್ರೇಲಿಯದ್ದೇ. ಇವೆರಡನ್ನೂ ಸಾಕಲು ಅಡ್ಡಿಯಿಲ್ಲ. ಆದರೆ ಆಫ್ರಿಕದ ಬೂದು ಗಿಳಿ, ಮಕಾವ್ ಮೊದಲಾದುವನ್ನು ಸಾಕುವವರು 2024ರ ನಿಯಮಗಳಂತೆ ಸರಕಾರದಲ್ಲಿ ನೋಂದಾಯಿಸಬೇಕು.

ಮನೆಯಲ್ಲಿ ಬೇರೆ ಹಕ್ಕಿಯಿದ್ದರೆ ಹೊಸದನ್ನು ಒಂದು ತಿಂಗಳಾದರೂ ಪ್ರತ್ಯೇಕ ಇಡಬೇಕು. ಒಂದೇ ಖೋಲಿಯ ಸಂಸಾರವಾದರೆ ಹಕ್ಕಿಯಿಲ್ಲದ ನೆರೆಯವರ ಸಹಾಯ ಕೇಳುವುದು ಲೇಸು. ಇದು ಹಕ್ಕಿಯ ಕ್ಷೇಮಕ್ಕೆ ಮಾತ್ರವಲ್ಲ, ನಮ್ಮ ಕ್ಷೇಮಕ್ಕೂ ಸಂಬಂಧಪಟ್ಟ ಮಾತು. ಗಿಳಿಯ ಜಾತಿಯ ಹಕ್ಕಿಗಳಿಂದ ಮನುಷ್ಯರಿಗೆ ಹರಡುವ ಒಂದು ಜ್ವರವುಂಟು. ಒಣಗಿದ ಹಿಕ್ಕೆಯ ಧೂಳು ಉಸಿರಿನೊಡನೆ ಒಳಹೋಗಿ ಜ್ವರ, ತಲೆನೋವು, ಒಣಕೆಮ್ಮು ಬಂದು ಕೊನೆಗೆ ನ್ಯುಮೋನಿಯ ಆಗಬಹುದು. ಆದುದರಿಂದ ಪಂಜರದ ತಳದ ಕಾಗದವನ್ನು ನೀರು ಚಿಮುಕಿಸಿ ನೆನೆಸಿಯೇ ತೆಗೆಯಬೇಕು, ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಹಕ್ಕಿ ಸಾಕಿರುವ ಸಂಗತಿಯನ್ನು ಡಾಕ್ಟರಿಗೆ ಹೇಳಬೇಕು. ಇದಕ್ಕೆ ಒಳ್ಳೆಯ ಔಷಧವಿದೆ. ಆದರೆ ಹೇಳದೆ ಡಾಕ್ಟರಿಗೆ ಊಹೆಯಾಗುವುದು ಕಷ್ಟ.

ಹಕ್ಕಿ ತನ್ನ ರೋಗವನ್ನು ಬಚ್ಚಿಡುತ್ತದೆ. ಹಿಂಡಿನಲ್ಲಿ ಸೊರಗಿದಂತೆ ತೋರಿದ್ದೇ ಗಿಡುಗನ ಪಾಲಾಗುವುದರಿಂದ ಅದಕ್ಕೆ ಈ ಸ್ವಭಾವ ಬಂದಿದೆ. ನಮ್ಮ ಕಣ್ಣಿಗೆ ರೋಗ ಕಾಣುವ ಹೊತ್ತಿಗೆ ಅದು ಬಹಳ ಮುಂದುವರಿದಿರುತ್ತದೆ. ಹಗಲಿನಲ್ಲಿಯೂ ಪುಕ್ಕ ಉಬ್ಬಿಸಿಕೊಂಡು ಕೂರುವುದು, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುವುದು, ಪಂಜರದ ತಳಕ್ಕೆ ಇಳಿದು ಕುಳಿತಿರುವುದು, ಇವು ಅಪಾಯದ ಗುರುತುಗಳು. ಎದೆಯ ನಡುಮೂಳೆ ಚೂರಿಯ ಅಲಗಿನಂತೆ ಬೆರಳಿಗೆ ಹತ್ತಿದರೆ ಹಕ್ಕಿ ಬಹುದಿನದಿಂದ ಉಪವಾಸವಿದೆ ಎಂದು ತಿಳಿಯಬೇಕು. ಬಜೆರಿಗಾರ್ ಸುಮಾರು 30ರಿಂದ 40 ಗ್ರಾಂ, ಕಾಕಟೀಲ್ 80ರಿಂದ 100 ಗ್ರಾಂ ತೂಗುತ್ತದೆ. ಗ್ರಾಂ ತೋರಿಸುವ ಅಡಿಗೆಮನೆಯ ತಕ್ಕಡಿಯಲ್ಲಿ ದಿನವೂ ಬೆಳಿಗ್ಗೆ ತೂಗಿ ಬರೆದಿಟ್ಟರೆ, ಕಣ್ಣಿಗೆ ಕಾಣುವ ಮೊದಲೇ ಅಂಕಿ ಹೇಳುತ್ತದೆ.

ಬಳಲಿದ ಹಕ್ಕಿಗೆ ಮೊದಲ ಔಷಧ ಬೆಚ್ಚನೆಯ ಜಾಗ. ಪಂಜರದ ಮೂರು ಪಕ್ಕಕ್ಕೆ ಬಟ್ಟೆ ಹೊದಿಸಿ, ಒಂದು ಬದಿಯಲ್ಲಿ ಮಾತ್ರ ಸುಮಾರು 30 ಡಿಗ್ರಿ ಸೆಲ್ಸಿಯಸ್ ಇರುವಂತೆ ಮಾಡಬೇಕು. ಸೆಕೆಯಾದರೆ ಸರಿದು ಕೂರಲು ಇನ್ನೊಂದು ಬದಿ ತಂಪಾಗಿರಲಿ. ಎಲ್‌ಇಡಿ ದೀಪ ಸಾಕಷ್ಟು ಶಾಖ ಕೊಡದು; ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಸುಲಭವಾದ ಉಪಾಯ. ಆಮೇಲೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಪರೇಲಿನ ಬಾಯಿ ಸಕರಬಾಯಿ ದಿನ್‌ಷಾ ಪೆಟಿಟ್ ಪಶು ಆಸ್ಪತ್ರೆಯಲ್ಲಿ ಹಕ್ಕಿಗಳಿಗೂ ಚಿಕಿತ್ಸೆಯುಂಟು. ಭಾಂಡುಪಿನಿಂದ ಲೋಕಲ್ ಗಾಡಿಯಲ್ಲಿ ಒಯ್ಯುವುದಾದರೆ ನೂಕುನುಗ್ಗಲು ಕಳೆದ ಮೇಲೆ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಒಯ್ಯಿರಿ. ಕತ್ತಲೆಯಲ್ಲಿ ಹಕ್ಕಿ ಶಾಂತವಾಗಿರುತ್ತದೆ. ಕೊಕ್ಕಿನ ಸುತ್ತ ಬಿಳಿಯ ಹೊಪ್ಪಳೆ ಎದ್ದಿದ್ದರೆ ಅದು ನುಸಿಯ ಕಾಟವಿರಬಹುದು. ಸೀಮೆಎಣ್ಣೆ ಮುಂತಾದ ಮನೆಮದ್ದು ಹಚ್ಚಬಾರದು.

ಆಹಾರದಲ್ಲಿ ಎರಡು ತಪ್ಪುಗಳು ಸಾಮಾನ್ಯ. ಒಂದು, ಬಟ್ಟಲು ತುಂಬಿದೆ ಎಂದು ಸುಮ್ಮನಾಗುವುದು. ಹಕ್ಕಿ ಕಾಳನ್ನು ಸುಲಿದು ತಿಂದು ಹೊಟ್ಟನ್ನು ಅಲ್ಲೇ ಬಿಡುತ್ತದೆ. ದಿನವೂ ಊದಿ ನೋಡದಿದ್ದರೆ, ತುಂಬಿದ ಬಟ್ಟಲಿನ ಮುಂದೆಯೇ ಅದು ಹಸಿದು ಸಾಯಬಹುದು. ಎರಡು, ವರ್ಷಗಟ್ಟಲೆ ನವಣೆ ಸಜ್ಜೆ ಮಾತ್ರ ಕೊಡುವುದು. ಇದರಿಂದ ಎ ಜೀವಸತ್ತ್ವ, ಅಯೋಡಿನ್, ಸುಣ್ಣದ ಅಂಶಗಳು ಕಡಿಮೆಯಾಗುತ್ತವೆ. ಕೊತ್ತಂಬರಿ, ನುಗ್ಗೆ, ಮೆಂತ್ಯದ ಸೊಪ್ಪು, ತುರಿದ ಗಜ್ಜರಿಗಳನ್ನು ಚೆನ್ನಾಗಿ ತೊಳೆದು ಕೊಡಬೇಕು. ಆದರೆ ಕಾಳನ್ನು ಒಮ್ಮೆಲೇ ನಿಲ್ಲಿಸಬಾರದು. ಪರಿಚಯವಿಲ್ಲದ್ದನ್ನು ಮುಟ್ಟದೆ ಹಕ್ಕಿ ಉಪವಾಸ ಬಿದ್ದೀತು. ಹಸಿಮೆಣಸು ಕೊಟ್ಟರೆ ಚಿಂತೆಯಿಲ್ಲ, ಹಕ್ಕಿಗೆ ಅದರ ಖಾರ ತಿಳಿಯದು. ಚಹಾ, ಚಾಕಲೇಟು, ಈರುಳ್ಳಿ, ಬೆಣ್ಣೆಹಣ್ಣು, ಉಪ್ಪಿನ ಫರಸಾಣ ಬೇಡವೇ ಬೇಡ.

ಖೋಲಿಯ ಗಾಳಿಯ ಬಗೆಗೂ ಎಚ್ಚರ ಬೇಕು. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ವಿಷದ ಗಾಳಿಯ ಸೂಚನೆಗಾಗಿ 1986ರವರೆಗೂ ಕ್ಯಾನರಿ ಹಕ್ಕಿಯನ್ನು ಇಟ್ಟುಕೊಳ್ಳುತ್ತಿದ್ದರು. ಹಕ್ಕಿಯ ಉಸಿರಾಟ ಅಷ್ಟು ಸೂಕ್ಷ್ಮ. ನಾನ್‌ಸ್ಟಿಕ್ ತವೆಯನ್ನು ಬರಿದಾಗಿ ಉರಿಯ ಮೇಲೆ ಮರೆತರೆ ಅದರ ಹೊಗೆ ಕೆಲವೇ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲುದು. ಸೊಳ್ಳೆಬತ್ತಿ, ಊದುಬತ್ತಿ, ಬೀಡಿಯ ಹೊಗೆಗಳೂ ಒಳ್ಳೆಯದಲ್ಲ. ಪಂಜರ ಒಲೆಯಿಂದ ದೂರ, ಒಂದು ಪಕ್ಕ ಗೋಡೆಗೆ ಒತ್ತಿರಲಿ. ನುಣ್ಣನೆಯ ಪ್ಲಾಸ್ಟಿಕ್ ಕೋಲಿನಿಂದ ಪಾದ ಹುಣ್ಣಾಗುತ್ತದೆ. ಬೇರೆ ಬೇರೆ ದಪ್ಪದ ಪೇರಲೆಯ ಕೊಂಬೆ ಕಟ್ಟಿರಿ. ರಾತ್ರಿ ಹತ್ತು ಹನ್ನೆರಡು ಗಂಟೆ ನಿದ್ದೆ ಬೇಕು. ಟಿ.ವಿ. ನೋಡುವ ಮನೆಯಲ್ಲಿ ಸಂಜೆಯೇ ಪಂಜರವನ್ನು ಸದ್ದಿನಿಂದ ದೂರ ಇಟ್ಟು ಬಟ್ಟೆ ಹೊದಿಸಬೇಕು.

ವಿಶ್ವಾಸ ಕೊನೆಗೆ ಬರುವುದು. ಅದನ್ನು ಅವಸರದಿಂದ ಪಡೆಯಲಾಗದು. ಪಂಜರದೊಳಗೆ ಕೈ ಹಾಕಿ ಹಿಡಿಯಬೇಡಿ, ಮೇಲಿನಿಂದ ಬಗ್ಗಿ ನೋಡಬೇಡಿ. ಮೇಲಿನಿಂದ ಬರುವುದೆಲ್ಲ ಅದಕ್ಕೆ ಗಿಡುಗ. ಹಕ್ಕಿಗಳು ಹಿಂಡಿನಲ್ಲಿ ಕೂಡಿ ಮೇಯುವ ಜೀವಗಳು. ಪಾಳಿ ಮುಗಿಸಿ ಬಂದು ನೀವು ತಿಂಡಿ ತಿನ್ನುವಾಗ ಹತ್ತಿರ ಕುಳಿತು ಮೆಲ್ಲಗೆ ಮಾತನಾಡಿದರೆ ಅದೂ ತನ್ನ ಬಟ್ಟಲಿಗೆ ಇಳಿಯುತ್ತದೆ. ನಿಮ್ಮೆದುರು ತಿಂದಿತೆಂದರೆ ಅರ್ಧ ಕೆಲಸವಾದಂತೆ. ಕೈಯಿಂದ ನವಣೆಯ ತೆನೆ ತೆಗೆದುಕೊಳ್ಳಲು ವಾರಗಳೇ ಹಿಡಿಯಬಹುದು. ರೆಕ್ಕೆ ಕತ್ತರಿಸಿದ್ದರೆ ಪುಕ್ಕ ಉದುರಿ ಹೊಸದು ಬರುವವರೆಗೆ ಕಾಯಿರಿ.

“ಗುಡ್ಡದಾಚೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆಯಲ್ಲ, ಅಲ್ಲಿ ಬಿಟ್ಟರೆ ಪುಣ್ಯ” ಎನ್ನುವವರಿದ್ದಾರೆ. ಪಂಜರದಲ್ಲೇ ಹುಟ್ಟಿದ ಪರದೇಶದ ಹಕ್ಕಿಗೆ ಇಲ್ಲಿಯ ಕಾಡಿನ ಮೇವು ಗೊತ್ತಿಲ್ಲ, ಕಾಗೆಯ ಭಯವೂ ಗೊತ್ತಿಲ್ಲ. ಹಾಗೆ ಬಿಡುವುದು ಬಿಡುಗಡೆಯಲ್ಲ, ಕೈತೊಳೆದುಕೊಳ್ಳುವುದು. ನಿಮಗೂ ಊರಿಗೆ ಹೊರಡುವ ದಿನ ಬಂದೀತು. ಆಗ ಪಂಜರದೊಡನೆ ಒಂದು ಚೀಟಿಯನ್ನೂ ಕೊಡಿ: ಹಕ್ಕಿಯ ತೂಕ ಎಷ್ಟು, ಅದು ಏನು ತಿನ್ನುತ್ತದೆ, ಯಾವುದಕ್ಕೆ ಅಂಜುತ್ತದೆ, ಯಾವ ಡಾಕ್ಟರು ನೋಡಿದ್ದಾರೆ. ಮುಂದಿನ ಮನೆಯವರು ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.